ಒಲಿದು ಕರೆಯುವ ಹೆಸರು

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ಪೂಜ್ಯ ಶ್ರೀಗಳು ದಯಪಾಲಿಸಿದ ಆಶೀರ್ವಚನ)



ಇಂದಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ಗಂಡ ಹೆಂಡತಿಯನ್ನು ಏನೆಂದು ಕರೆಯಬೇಕು, ಹೆಂಡತಿ ಗಂಡನನ್ನು ಏನೆಂದು ಕರೆಯಬೇಕು ಎಂಬುದನ್ನು ಸಂಸಾರವೇ ಇಲ್ಲದ ಸ್ವಾಮಿಗಳು ಹೇಳಲು ಹೊರಟಿದ್ದಾರಲ್ಲ ಎಂದು ಅಂದುಕೊಂಡೀರಿ. ಅಂದುಕೊಳ್ಳಿರಿ, ತಪ್ಪಿಲ್ಲ. ಆದರೆ ಮಠದ ಬಾಗಿಲಿಗೆ ನಗುತ್ತ ಬರುವ ಸಂಸಾರಗಳು ಎಷ್ಟೋ, ಅಳುತ್ತ ಬರುವ ಸಂಸಾರಗಳೂ ಅಷ್ಟೇ. ಇಷ್ಟು ವರ್ಷ ಅವರ ಮಾತು ಕೇಳುತ್ತ ಬಂದಿದ್ದೇವೆ. ಹೊಲದ ಜಗಳ, ಹಣದ ಜಗಳ, ಅತ್ತೆ-ಸೊಸೆಯರ ಜಗಳ ಎಂದು ಶುರುವಾದ ಮಾತು ಕೊನೆಗೆ ಎಲ್ಲಿ ಬಂದು ನಿಲ್ಲುತ್ತದೆ ಬಲ್ಲಿರಾ? “ಅಜ್ಜಾರ, ನಾಕು ಮಂದ್ಯಾಗ ನನ್ನ ಹಿಂಗ ಕರದ್ರು” ಎಂಬಲ್ಲಿ ಬಂದು ನಿಲ್ಲುತ್ತದೆ. ಹೊಲ ಹೋದದ್ದನ್ನು ಮರೆಯುತ್ತಾರೆ, ಹಣ ಹೋದದ್ದನ್ನು ಮರೆಯುತ್ತಾರೆ. ಕರೆದ ಮಾತನ್ನು ಮರೆಯುವುದಿಲ್ಲ.

ಬಸವ ಜಯಂತಿಯ ದಿನ ನಮ್ಮ ಮಠದಲ್ಲಿ ಸಾಮೂಹಿಕ ವಿವಾಹ ನಡೆದುದನ್ನು ನೀವು ನೋಡಿದ್ದೀರಿ. ಅಕ್ಕಿಕಾಳು ಬಿದ್ದ ಮೇಲೆ ನವದಂಪತಿಗಳು ಪ್ರಸಾದಕ್ಕೆ ಹೊರಟರು. ಪ್ರಸಾದ ನಿಲಯದ ಬಾಗಿಲಲ್ಲಿ ಹತ್ತಾರು ಹೆಣ್ಣುಮಕ್ಕಳು ಅಡ್ಡಗಟ್ಟಿ ನಿಂತರು. “ಹೆಸರ ಹೇಳು, ಒಳಗ ಬಿಡತೀವಿ” ಎಂದು ಪಟ್ಟು ಹಿಡಿದರು. ಆ ಹುಡುಗಿ ಓದಿದವಳು, ಸಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ನಿಶ್ಚಯವಾದಂದಿನಿಂದ ಫೋನಿನಲ್ಲಿ ಅದೇ ಹೆಸರನ್ನು ದಿನಾಲೂ ಹೇಳಿದ್ದಾಳು. ಆದರೂ ಆ ಹೊಸ್ತಿಲಲ್ಲಿ ಆಕೆಯ ಮುಖ ಕೆಂಪಾಯಿತು. ಅಜ್ಜಿ ಹಿಂದಿನಿಂದ ಮೆಲ್ಲನೆ ಎತ್ತಿಕೊಟ್ಟಳು. ಹುಡುಗಿ ಒಡಪು ಹೇಳಿದಳು, ಒಡಪಿನ ಕೊನೆಯಲ್ಲಿ ಗಂಡನ ಹೆಸರು ಹೇಳಿದಳು, ಎಲ್ಲರೂ ಘೊಳ್ಳೆಂದು ನಕ್ಕರು. ಹುಡುಗನ ಸರದಿ ಬಂದಾಗ ಆತ ಬರಿಯ ಹೆಸರು ಹೇಳಿ ಜಾರಿಕೊಳ್ಳಲು ನೋಡಿದ. ಮುದುಕಿಯರು ಬಿಡಲಿಲ್ಲ. “ಬರೇ ಹೆಸರ ಹೇಳಾಕ ಇದೇನು ಸಾಲಿ ಹಾಜರಿಯೇನಪಾ?” ಎಂದರು.

ಆ ಮುದುಕಿಯ ಮಾತು ನಮ್ಮ ಮನಸ್ಸಿನಲ್ಲಿ ನಿಂತಿತು. ಹಾಜರಿಯ ಹೆಸರು ಬೇರೆ, ಒಲವಿನ ಹೆಸರು ಬೇರೆ. ಹಾಜರಿಯ ಹೆಸರು ಊರಿಗೆಲ್ಲ ಸೇರಿದ್ದು. ಅದು ಪಟ್ಟಿಯಲ್ಲಿ ಇರುತ್ತದೆ, ಪತ್ರದಲ್ಲಿ ಇರುತ್ತದೆ. ಒಲವಿನ ಹೆಸರು ಇಬ್ಬರಿಗೆ ಮಾತ್ರ ಸೇರಿದ್ದು. ಅದಕ್ಕೇ ನಮ್ಮ ಉತ್ತರ ಕರ್ನಾಟಕದ ತಾಯಂದಿರು ಗಂಡನ ಹೆಸರನ್ನು ಬರಿಗೈಯಲ್ಲಿ ತರಲಿಲ್ಲ. ಜೋಳದ ತೆನೆ, ಬೆಣ್ಣೆಯ ಮುದ್ದೆ, ಕುಪ್ಪಸದ ಕಣ, ಬಾವಿಯ ನೀರು, ಹೀಗೆ ಕಣ್ಣಿಗೆ ಕಂಡದ್ದನ್ನೆಲ್ಲ ಮೊದಲ ಸಾಲಿನಲ್ಲಿ ಹಾಸಿ, ಎರಡನೆಯ ಸಾಲಿನಲ್ಲಿ ಹೆಸರನ್ನು ಕೂಡಿಸಿದರು. ಮದುವೆಯಲ್ಲಿ, ಕುಬುಸದಲ್ಲಿ, ಉಡಿ ತುಂಬುವಾಗ, ನಗುವ ನೆಪದಲ್ಲಿ ಒಂದು ಸಲ ಆ ಹೆಸರನ್ನು ಬಾಯ್ತುಂಬ ಹೇಳಿ ಮತ್ತೆ ಒಳಗಿಟ್ಟುಕೊಂಡರು.

ಉಳಿದ ದಿನಗಳಲ್ಲಿ ಏನೆಂದು ಕರೆಯುತ್ತಿದ್ದರು? “ಏನ್ರೀ”, “ಕೇಳ್ತೇನ್ರೀ”, “ನಮ್ಮ ಮನಿಯವರು”, “ನಮ್ಮ ಯಜಮಾನರು”. ಮಗು ಹುಟ್ಟಿದ ಮೇಲೆ ಆ ಮಗುವಿನ ಹೆಸರು ಹಿಡಿದು “ಇಂಥವನ ಅಪ್ಪ”, “ಇಂಥವಳ ಅವ್ವ”. ಗಂಡನೂ ಹೆಂಡತಿಯ ಹೆಸರು ಹಿಡಿಯದೆ ಅವಳ ತವರೂರಿನ ಹೆಸರಿನಿಂದ ಕರೆದದ್ದುಂಟು. ಇದು ನಮ್ಮಲ್ಲಿ ಮಾತ್ರ ಇದ್ದ ಸಂಕೋಚವಲ್ಲ. ನಾವು ಪಾಠಶಾಲೆಯಲ್ಲಿ ಕಾವ್ಯ ನಾಟಕಗಳನ್ನು ಓದುವಾಗ ಎಲ್ಲೆಲ್ಲೂ ‘ಆರ್ಯಪುತ್ರ’ ಎಂಬ ಸಂಬೋಧನೆ ಬರುತ್ತಿತ್ತು. ಹೆಂಡತಿ ಗಂಡನನ್ನು ಹಾಗೆ ಕರೆಯಬೇಕೆಂದು ಭರತಮುನಿ ನಾಟ್ಯಶಾಸ್ತ್ರದಲ್ಲಿ ವಿಧಿಸಿದ್ದಾನೆ. ಆರ್ಯಪುತ್ರ ಎಂದರೆ ಮಾನ್ಯರ ಮಗ, ಅಂದರೆ ಮಾವನವರ ಮಗ. ಅರಮನೆಯ ಸೀತಾದೇವಿ ‘ಮಾವನವರ ಮಗನೇ’ ಎಂದಳು, ನಮ್ಮ ಹಳ್ಳಿಯ ತಾಯಿ ‘ಮಗನ ಅಪ್ಪ’ ಎಂದಳು. ಒಬ್ಬಳು ಮೇಲಿನಿಂದ ಹಿಡಿದಳು, ಒಬ್ಬಳು ಕೆಳಗಿನಿಂದ ಹಿಡಿದಳು. ಮುಟ್ಟಿದ್ದು ಒಬ್ಬನನ್ನೇ!

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಗಂಡನ ಹೆಸರು ಹೇಳಿದರೆ ಆತನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅನೇಕ ತಾಯಂದಿರು ನಂಬಿ ನಡೆದಿದ್ದಾರೆ. ಈ ಭಯ ಶರಣರ ಮಾರ್ಗದಲ್ಲಿ ಸಲ್ಲದು. ಆಯುಷ್ಯವನ್ನು ಕೊಟ್ಟವನು ಶಿವ, ನಿಮ್ಮ ನಾಲಿಗೆಯಲ್ಲ. ಸಂಸ್ಕೃತದಲ್ಲಿ ಒಂದು ಹಳೆಯ ಶ್ಲೋಕವಿದೆ. ಶ್ರೇಯಸ್ಸನ್ನು ಬಯಸುವವನು ತನ್ನ ಹೆಸರು, ಗುರುವಿನ ಹೆಸರು, ಕಡುಲೋಭಿಯ ಹೆಸರು, ಹಿರಿಯ ಮಗುವಿನ ಹೆಸರು, ಕಲತ್ರದ ಹೆಸರು, ಇವನ್ನು ಹೇಳಬಾರದು ಎಂಬುದು ಅದರ ತಾತ್ಪರ್ಯ. ಈ ಶ್ಲೋಕ ಹೇಳಿ ಹೆಣ್ಣುಮಕ್ಕಳ ಬಾಯಿ ಮುಚ್ಚಿಸುವ ಪಂಡಿತರನ್ನು ನಾವು ಕಂಡಿದ್ದೇವೆ. ಕಲತ್ರ ಎಂದರೆ ಯಾರು? ಹೆಂಡತಿ! ಶ್ಲೋಕ ಕಟ್ಟಿಹಾಕಿದ್ದು ಗಂಡನ ನಾಲಿಗೆಯನ್ನು. ಗಂಡಂದಿರು ಮೆಲ್ಲಗೆ ಅದರಿಂದ ಕಳಚಿಕೊಂಡು ಹಗ್ಗವನ್ನು ಹೆಂಡತಿಯ ಕೊರಳಿಗೆ ಹಾಕಿದರು.

ವ್ಯಾಕರಣದ ಇನ್ನೊಂದು ಮಾತು ಹೇಳುತ್ತೇವೆ. ಹೆಂಡತಿಗೆ ಸಂಸ್ಕೃತದಲ್ಲಿ ‘ದಾರಾಃ’ ಎಂಬ ಶಬ್ದವಿದೆ. ಅದು ಪುಲ್ಲಿಂಗ, ಮೇಲಾಗಿ ಯಾವಾಗಲೂ ಬಹುವಚನ. ಒಬ್ಬಳೇ ಹೆಂಡತಿಯಿದ್ದರೂ ಬಹುವಚನವೇ. ನಮ್ಮ ಗುರುಗಳು ಅದನ್ನು ಪಾಠ ಮಾಡುವಾಗ ನಗುತ್ತಿದ್ದರು. ನಾವು ಇಂದು ಅದನ್ನೇ ನಿಮಗೆ ಕೇಳುತ್ತೇವೆ: ವ್ಯಾಕರಣವೇ ಹೆಂಡತಿಗೆ ಬಹುವಚನ ಕೊಟ್ಟಿರುವಾಗ ನೀವೇಕೆ ಕೊಡಲೊಲ್ಲಿರಿ? ಆಕೆ ನಿಮ್ಮನ್ನು “ರೀ” ಎನ್ನುತ್ತಾಳೆ. ನೀವು ಆಕೆಯನ್ನು “ಲೇ” ಎನ್ನುತ್ತೀರಿ. ಗೌರವದ ಕರೆಯಲ್ಲಿ ಸ್ವರ್ಗವನ್ನೂ ತಿರಸ್ಕಾರದ ಕರೆಯಲ್ಲಿ ನರಕವನ್ನೂ ಬಸವಣ್ಣನವರು ಕಂಡರು. ಆ ವಚನ ನಿಮಗೆಲ್ಲ ಬಾಯಿಪಾಠವಿದೆ, ನಾವು ಹೇಳಬೇಕಾಗಿಲ್ಲ. ಬಾಯಿಪಾಠವಿರುವ ವಚನ ಅಡಿಗೆಮನೆಯ ಬಾಗಿಲಲ್ಲಿ ಏಕೆ ಮರೆತುಹೋಗುತ್ತದೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಇನ್ನು ಶರಣೆಯರ ಕಡೆಗೆ ಬರೋಣ. ಕರ್ನಾಟಕ ಸರ್ಕಾರ 1993ರಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳಲ್ಲಿ 5ನೆಯ ಸಂಪುಟ ಶಿವಶರಣೆಯರ ವಚನಗಳಿಗೇ ಮೀಸಲಾಗಿದೆ. ಅದನ್ನು ತೆರೆದು ಅವರ ಅಂಕಿತಗಳನ್ನು ಮಾತ್ರ ಓದಿ ನೋಡಿರಿ. ಆಯ್ದಕ್ಕಿ ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಮಾರಯ್ಯ ಯಾರು? ಆಕೆಯ ಗಂಡ. ಗಂಡನ ಅಂಕಿತ ಅಮರೇಶ್ವರಲಿಂಗ. ಹೆಂಡತಿ ಅದರ ಮುಂದೆ ಗಂಡನ ಹೆಸರನ್ನೇ ಇಟ್ಟಳು. ಹಡಪದ ಅಪ್ಪಣ್ಣನವರ ಪುಣ್ಯಸ್ತ್ರೀ ಲಿಂಗಮ್ಮನ ಅಂಕಿತ ‘ಅಪ್ಪಣ್ಣಪ್ರಿಯ ಚೆನ್ನಬಸವಣ್ಣ’. ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ ‘ಉರಿಲಿಂಗಪೆದ್ದಿಗಳರಸ’ ಎಂದು ಕರೆದಳು. ಮೋಳಿಗೆಯ ಮಾರಯ್ಯನ ಪುಣ್ಯಸ್ತ್ರೀ ಮಹಾದೇವಿ ‘ಎನ್ನಯ್ಯಪ್ರಿಯ’ ಎಂದು ಮೊದಲು ಮಾಡಿ ಗಂಡನ ಅಂಕಿತವಾದ ನಿಃಕಳಂಕಮಲ್ಲಿಕಾರ್ಜುನನನ್ನು ಸೇರಿಸಿಕೊಂಡಳು. ಎನ್ನಯ್ಯ ಎಂದರೆ ನನ್ನ ಅಯ್ಯ. ಎಂಥ ಸಲಿಗೆ, ಎಂಥ ಗೌರವ, ಎರಡೂ ಒಂದೇ ಮಾತಿನಲ್ಲಿ!

ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುವುದಾದರೆ ವಚನ ವಚನಕ್ಕೂ ಗಂಡನ ಹೆಸರು ಹಿಡಿದ ಲಕ್ಕಮ್ಮ ಏನಾಗಬೇಕಿತ್ತು? ಆಗಿದ್ದೇನೆಂದರೆ, ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಗಳದ ಅಕ್ಕಿ ಆಯುತ್ತಿದ್ದ ಒಬ್ಬ ಬಡ ಕಾಯಕಜೀವಿಯ ಹೆಸರು ಎಂಟು ನೂರು ವರ್ಷ ದಾಟಿ ಇಂದು ನಿಮ್ಮ ಕಿವಿಗೆ ಬೀಳುತ್ತಿದೆ. ಆಕೆ ಆತನ ಆಯುಷ್ಯ ಕಳೆದಳೋ ಬೆಳೆಸಿದಳೋ ನೀವೇ ಹೇಳಿರಿ.

ಆದರೆ ಲಕ್ಕಮ್ಮನ ಬಾಯಲ್ಲಿ ‘ಮಾರಯ್ಯಪ್ರಿಯ’ ಎಂಬುದು ಗಂಡನನ್ನು ರಮಿಸುವ ಬೆಣ್ಣೆಮಾತಾಗಿರಲಿಲ್ಲ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮ್ಮ ಕಾಯಕಕ್ಕೆ ಮೀರಿದ್ದು, ತಿರುಗಿ ಸುರಿದು ಬನ್ನಿ ಎಂದು ಕಳಿಸಿದ ಧೀರೆ ಆಕೆ. ಆತ ಅನುಭಾವದ ಮಾತಿನಲ್ಲಿ ಮೈಮರೆತಾಗ ಕಾಯಕಕ್ಕೆ ಹೊತ್ತಾಯಿತೆಂದು ಎಚ್ಚರಿಸಿದವಳೂ ಆಕೆಯೇ. ತಿದ್ದುವ ಅಧಿಕಾರ ಆಕೆಗಿತ್ತು, ತಿದ್ದಿಸಿಕೊಳ್ಳುವ ದೊಡ್ಡಸ್ತಿಕೆ ಆತನಿಗಿತ್ತು. ಹಾಗಿದ್ದದ್ದರಿಂದಲೇ ಆ ‘ಪ್ರಿಯ’ ಎಂಬ ಮಾತಿಗೆ ಬೆಲೆ ಬಂತು.

ಬೆಲೆಯಿಲ್ಲದ ಪ್ರಿಯವಚನವೂ ಇದೆ. ಕಾಳಿದಾಸನ ಕುಮಾರಸಂಭವದಲ್ಲಿ ಶಿವನ ಕಣ್ಣಿನ ಬೆಂಕಿಗೆ ಕಾಮ ಸುಟ್ಟುಹೋದ ಮೇಲೆ ರತೀದೇವಿ ಗೋಳಿಡುತ್ತಾಳೆ. ನೀನು ನನ್ನ ಹೃದಯದಲ್ಲಿದ್ದೀ ಎಂದು ಹೇಳುತ್ತಿದ್ದೆಯಲ್ಲ, ಅದು ನಿಜವಾಗಿದ್ದರೆ ನಿನ್ನ ದೇಹವೇ ಸುಟ್ಟಾಗ ನಾನು ಹೇಗೆ ಉಳಿದೆ, ಅದು ಬರಿಯ ಉಪಚಾರದ ಮಾತಲ್ಲವೇ ಎಂದು ಕೇಳುತ್ತಾಳೆ. ಚಿನ್ನ, ಬಂಗಾರ, ಮುದ್ದು, ಡಾರ್ಲಿಂಗ್ ಎಂದು ಕರೆಯುವ ಇಂದಿನ ತರುಣರು ಇದನ್ನು ನೆನಪಿಡಬೇಕು. ಕರೆಯಬೇಡಿರಿ ಎಂದು ನಾವು ಹೇಳುತ್ತಿಲ್ಲ. ಚಿನ್ನ ಎಂದು ಕರೆದವಳನ್ನು ತವರಿನ ಚಿನ್ನಕ್ಕಾಗಿ ಪೀಡಿಸಬೇಡಿರಿ ಎಂದು ಹೇಳುತ್ತಿದ್ದೇವೆ. ಬಂಗಾರ ಎಂದು ಕರೆದ ಬಾಯಿ, ಆಕೆಗೆ ಜ್ವರ ಬಂದ ದಿನ ಒಂದು ಲೋಟ ಗಂಜಿ ಕಾಸಿಕೊಡದಿದ್ದರೆ ಆ ಬಂಗಾರ ಬರಿ ಬಣ್ಣ.

ಇನ್ನೊಂದು ಸಂಗತಿಯನ್ನು ಹೇಳಬೇಕೋ ಬೇಡವೋ ಎಂದು ಯೋಚಿಸಿದೆವು. ಹೇಳುವುದೇ ಒಳ್ಳೆಯದು. ಕೆಲವು ವರ್ಷಗಳ ಹಿಂದೆ ಒಂದು ಕುಟುಂಬ ದರ್ಶನಕ್ಕೆ ಬಂದಿತ್ತು. ಗಂಡ ನಮ್ಮೆದುರು ಕುಳಿತು ಮಾತಾಡುತ್ತಿದ್ದ. ಏಳೆಂಟು ವರ್ಷದ ಮಗ ಪಕ್ಕದಲ್ಲಿ ಅಪ್ಪನ ಮೊಬೈಲು ಹಿಡಿದಿದ್ದ. ಅದು ಒಮ್ಮೆಲೆ ಸದ್ದು ಮಾಡಿತು. ಮಗು ಹೊಸದಾಗಿ ಓದಲು ಕಲಿತ ಹುಮ್ಮಸ್ಸಿನಲ್ಲಿ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿತು: “ಅಪ್ಪಾ, ತಲೆನೋವು ಅಂತ ಫೋನ್ ಬಂದೈತಿ.” ಬಾಗಿಲಲ್ಲಿ ಆ ತಾಯಿ ನಿಂತಿದ್ದಳು, ಕಿವಿಗೆ ಫೋನು ಹಿಡಿದುಕೊಂಡೇ ನಿಂತಿದ್ದಳು. ಪ್ರಸಾದಕ್ಕೆ ಹೊತ್ತಾಯಿತೆಂದು ಕರೆಯಲು ಬಂದಿದ್ದಳು.

ಆಕೆ ಏನೂ ಅನ್ನಲಿಲ್ಲ. ಫೋನು ಇಳಿಸಿ, ಮಗುವಿನ ಕೈ ಹಿಡಿದುಕೊಂಡು ಹೊರಟುಹೋದಳು. ಆತ ನಾಚಿಕೊಂಡು “ಚ್ಯಾಷ್ಟಿಗೆ ಇಟ್ಟಿದ್ನಿರೀ ಅಜ್ಜಾರ” ಎಂದ. “ಚ್ಯಾಷ್ಟಿ ಅಂತ ಆಕಿಗೆ ಗೊತ್ತಿತ್ತೇನಪ್ಪಾ?” ಎಂದು ಕೇಳಿದೆವು. ತಲೆ ತಗ್ಗಿಸಿದ.

ಬಂಧುಗಳೇ, ಮೊಬೈಲಿನಲ್ಲಿ ಹೆಂಡತಿಯ ಹೆಸರನ್ನು ‘ಹೋಮ್ ಮಿನಿಸ್ಟರ್’ ಎಂದು ಇಟ್ಟುಕೊಳ್ಳುವವರು ನಿಮ್ಮಲ್ಲಿಯೂ ಇದ್ದೀರಿ. ಆಕೆಗೆ ಅದು ಗೊತ್ತಿದ್ದು, ಆಕೆಯೂ ನಕ್ಕಿದ್ದರೆ ಅದು ಸರಸ. ಹೆಂಡತಿ ಗಂಡನನ್ನು ‘ದುರ್ವಾಸರು’ ಎಂದು ಕರೆದು ಗಂಡನೂ ನಕ್ಕರೆ ಅದೂ ಸರಸ. ಇಬ್ಬರೂ ನಕ್ಕರೆ ಅಡ್ಡಹೆಸರು ಮುದ್ದಿನ ಹೆಸರಾಗುತ್ತದೆ. ಒಬ್ಬರು ನಕ್ಕು ಒಬ್ಬರು ನುಂಗಿಕೊಂಡರೆ ಅದು ಮುಳ್ಳು. ಮೈಬಣ್ಣ ಹಿಡಿದು ‘ಕರಿ’ ಎನ್ನುವುದು, ಎತ್ತರ ಹಿಡಿದು ‘ಕುಳ್ಳಿ’ ಎನ್ನುವುದು, ಬಡ ತವರನ್ನು ಹಿಡಿದು ಹೆಸರಿಡುವುದು, ಗಳಿಕೆ ಕಡಿಮೆಯೆಂದು ಗಂಡನಿಗೆ ಹೆಸರಿಟ್ಟು ನೆರೆಮನೆಯಲ್ಲಿ ನಗುವುದು, ಇವೆಲ್ಲ ಮೊದಲ ದಿನ ಚ್ಯಾಷ್ಟಿಯಾಗಿಯೇ ಇರುತ್ತವೆ. ಹತ್ತು ವರ್ಷ ಕಳೆದ ಮೇಲೆ ಎದೆಯ ಹುಣ್ಣಾಗಿರುತ್ತವೆ. ಮನೆಯೊಳಗೆ ಇಬ್ಬರೇ ಇದ್ದಾಗ ಜೇನಾಗಿದ್ದ ಹೆಸರು ಮಾವನ ಎದುರಿಗೆ, ಮಕ್ಕಳ ಎದುರಿಗೆ, ಗೆಳೆಯರ ಎದುರಿಗೆ ಅಂದಾಗ ವಿಷವಾಗುವುದೂ ಉಂಟು. ಹೆಸರು ಅದೇ, ನಿಂತ ನೆಲ ಬೇರೆ.

ನಮ್ಮ ಧರ್ಮದಲ್ಲಿ ಇದಕ್ಕೆ ಇನ್ನೊಂದು ಆಳವಾದ ಕಾರಣವಿದೆ. ಗಂಡಿಗೊಂದು ದೀಕ್ಷೆ, ಹೆಣ್ಣಿಗೊಂದು ದೀಕ್ಷೆ ಎಂದು ಬಸವಾದಿ ಶರಣರು ಮಾಡಲಿಲ್ಲ. ನಿಮ್ಮ ಎದೆಯ ಮೇಲೆ ಯಾವ ಇಷ್ಟಲಿಂಗವಿದೆಯೋ ಆಕೆಯ ಎದೆಯ ಮೇಲೂ ಅದೇ ಇದೆ. ಬೆಳಿಗ್ಗೆ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಹೂ ಪತ್ರೆ ಏರಿಸಿ, ಆ ಮೇಲೆ ಅದೇ ಲಿಂಗ ಧರಿಸಿದವಳನ್ನು ತಲೆನೋವು ಎಂದರೆ ಪೂಜೆ ಯಾರಿಗೆ ಸಂದಿತು? ಶರಣಸತಿ ಲಿಂಗಪತಿ ಎಂದು ಹಿರಿಯರು ಹೇಳಿದರು. ಆ ಭಾವದಲ್ಲಿ ಗಂಡಸರಾದ ನೀವೂ ಸತಿಯರೇ. ಅಕ್ಕಮಹಾದೇವಿ ತನ್ನ ಪತಿಯಾದ ಶಿವನನ್ನು ಬರಿದೆ ಮಲ್ಲಿಕಾರ್ಜುನ ಎನ್ನಲಿಲ್ಲ, ಚೆನ್ನಮಲ್ಲಿಕಾರ್ಜುನ ಎಂದಳು. ಚೆನ್ನ ಎಂದರೆ ಚೆಲುವ. ದೇವರನ್ನು ಕರೆಯುವಾಗಲೂ ಒಂದು ಮುದ್ದಿನ ಮಾತು ಮುಂದೆ ಬಂತು.

ದೇವರಾದರೂ ಏನು ಮಾಡಿದ? ಜಾತ್ರೆಯಲ್ಲಿ ತೇರು ಎಳೆಯುವಾಗ ನೀವು ಏನೆಂದು ಕೂಗುತ್ತೀರಿ? ನಮಃ ಪಾರ್ವತೀಪತಯೇ, ಹರ ಹರ ಮಹಾದೇವ! ಮೂರು ಲೋಕದ ಒಡೆಯನನ್ನು ನೀವು ಮೊದಲು ಕರೆಯುವುದು ಹೆಂಡತಿಯ ಹೆಸರು ಹಿಡಿದು. ಪಾರ್ವತಿಯ ಗಂಡ ಎಂದರೆ ಶಿವನಿಗೆ ಸಿಟ್ಟು ಬರಲಿಲ್ಲ. ಉಮಾಪತಿ, ಗಿರಿಜಾವಲ್ಲಭ ಎಂದರೆ ಮರ್ಯಾದೆ ಹೋಯಿತು ಎನ್ನಲಿಲ್ಲ. ನಿಮ್ಮನ್ನು ಯಾರಾದರೂ “ಇಂಥಾಕಿ ಗಂಡ” ಎಂದರೆ ಮೀಸೆ ಏಕೆ ಕುಣಿಯಬೇಕು?

ಕೊನೆಗೆ ಒಂದು ಹಳೆಯ ನೆನಪು. ನಾವು ಪಟ್ಟಕ್ಕೆ ಬಂದ ಹೊಸತು, ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಒಬ್ಬ ವೃದ್ಧ ತಾಯಿ ಮಠಕ್ಕೆ ಬಂದಳು. ಗಂಡ ತೀರಿಕೊಂಡು ನಾಲ್ಕು ತಿಂಗಳಾಗಿತ್ತು, ಮಕ್ಕಳಿರಲಿಲ್ಲ. ವಿಧವಾ ವೇತನದ ಅರ್ಜಿ ತುಂಬಬೇಕಿತ್ತು. ಮಠದ ಕಚೇರಿಯಲ್ಲಿ ಒಬ್ಬ ವಿದ್ಯಾರ್ಥಿ ಬರೆಯಲು ಕುಳಿತ. ನಾವು ಅಲ್ಲಿಯೇ ಇದ್ದೆವು. “ಗಂಡನ ಹೆಸರು ಏನಬೇ?” ಎಂದು ಹುಡುಗ ಕೇಳಿದ. ತಾಯಿ ಅತ್ತ ನೋಡಿದಳು, ಇತ್ತ ನೋಡಿದಳು. ಜೊತೆಗೆ ಯಾರಾದರೂ ಇದ್ದಿದ್ದರೆ ಅವರು ಹೇಳುತ್ತಿದ್ದರು. ಯಾರೂ ಇರಲಿಲ್ಲ. ಹುಡುಗ ಮತ್ತೆ ಕೇಳಿದ. ಆಕೆಗೆ ಆ ಹೆಸರನ್ನು ಹೇಳಲು ಒಂದೇ ದಾರಿ ಗೊತ್ತಿತ್ತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನೆಲ ನೋಡುತ್ತ, ಮೆಲುದನಿಯಲ್ಲಿ ಒಡಪು ಹೇಳಿದಳು:

“ಹೊಲ ತುಂಬ ನಿಂತೈತಿ ಬಿಳಿಜೋಳದ ತೆನಿ,
ಇಂಥವರು ಇದ್ದರ ತುಂಬತೈತಿ ನಮ್ಮ ಮನಿ.”

ಇಂಥವರು ಎಂಬಲ್ಲಿ ಆಕೆ ಗಂಡನ ಹೆಸರು ಹೇಳಿದಳು. ಅದನ್ನು ನಾವಿಲ್ಲಿ ಹೇಳುವುದಿಲ್ಲ, ಅದು ಆಕೆಯ ಸೊತ್ತು. ಮದುವೆಯ ದಿನ ಹೊಸ್ತಿಲಲ್ಲಿ ನಿಂತು ಹೇಳಿದ ಒಡಪು. ಅಂದು ‘ಇದ್ದರ’ ಎಂಬುದು ಪ್ರಾಸಕ್ಕೆ ಹೊಂದಿಸಿದ ಮಾತಾಗಿತ್ತು. ಬರೆಯುತ್ತಿದ್ದ ಹುಡುಗ ಲೇಖನಿ ಕೆಳಗಿಟ್ಟ. ನಮಗೂ ಮಾತು ಹೊರಡಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಆಕೆಯ ಮನಸ್ಸು ಹಗುರಾಗಲೆಂದು ಕೇಳಿದೆವು: “ಅವರು ನಿನ್ನ ಏನಂತ ಕರೀತಿದ್ರವ್ವಾ?” ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟು ದುಃಖದಲ್ಲಿಯೂ ಆಕೆಯ ಕಣ್ಣಿನಲ್ಲಿ ನಗು ಬಂತು. “ಅದನ್ನ ಹೇಳಬಾರದ್ರೀ ಅಜ್ಜಾರ” ಎಂದಳು. ಮತ್ತೆ ಸ್ವಲ್ಪ ತಡೆದು, “ಈಗ ಹಂಗ ಕರಿಯವರು ಯಾರೂ ಇಲ್ಲರಿ” ಎಂದಳು.

ಬಂಧುಗಳೇ, ಆ ಅರ್ಜಿಯಲ್ಲಿ ಬರೆದ ಹೆಸರು ಇಂದಿಗೂ ಯಾವುದೋ ಕಡತದಲ್ಲಿ ಇದ್ದೀತು. ಆಕೆಯನ್ನು ಆತ ಕರೆಯುತ್ತಿದ್ದ ಹೆಸರು ಯಾವ ಕಡತದಲ್ಲಿಯೂ ಇಲ್ಲ. ಆಕೆಯೂ ಈಗ ಲಿಂಗೈಕ್ಯಳಾಗಿದ್ದಾಳೆ. ಅದು ಎಂಥ ಹೆಸರೋ ನಾವು ಅರಿಯೆವು. ಆದರೆ ಅದು ಆಕೆಯನ್ನು ನೋಯಿಸಿದ ಹೆಸರಾಗಿರಲಿಲ್ಲ ಎಂಬುದನ್ನು ಆ ಕಣ್ಣುಗಳೇ ಹೇಳಿದವು. ನೀವು ಇಂದು ಮನೆಗೆ ಹೋಗಿ ಒಬ್ಬರನ್ನೊಬ್ಬರು ಯಾವ ಹೆಸರಿನಿಂದ ಕರೆಯುತ್ತೀರಿ? ನೀವಿಲ್ಲದ ದಿನ ಆ ಹೆಸರನ್ನು ನೆನೆದು ಅವರ ಕಣ್ಣಿನಲ್ಲಿ ನಗು ಬರಬೇಕು. ಅಂಥ ಹೆಸರಿನಿಂದ ಕರೆಯಿರಿ.

ತಲೆನೋವೆಂದು ಹೆಸರಿಟ್ಟಿದ್ದ ಆ ಭಕ್ತನ ಮಾತೊಂದು ಉಳಿಯಿತು. ಆತ ಹೆಸರು ಬದಲಿಸಿದನೋ ಇಲ್ಲವೋ ನಾವು ಕೇಳಲಿಲ್ಲ. ಮರುವರ್ಷ ಜಾತ್ರೆಗೆ ಬಂದಾಗ, ಪ್ರಸಾದದ ಪಂಕ್ತಿಯ ಕಡೆಗೆ ಹೊರಟವನು ಹಿಂತಿರುಗಿ ನೋಡಿ ಹೆಂಡತಿಯನ್ನು “ಬರ್ರೀ” ಎಂದು ಕರೆದದ್ದು ನಮ್ಮ ಕಿವಿಗೆ ಬಿತ್ತು. ಬಹುವಚನ! ನಮ್ಮ ವ್ಯಾಕರಣದ ಗುರುಗಳು ಇದ್ದಿದ್ದರೆ ಸಂತೋಷಪಡುತ್ತಿದ್ದರು.

ನಿಮ್ಮ ನಿಮ್ಮ ಮನೆಗಳಲ್ಲಿ ಮಾತು ಮೃದುವಾಗಲಿ, ನಗು ಇಬ್ಬರದೂ ಆಗಲಿ ಎಂದು ಹರಸಿ ಈ ಮಾತುಗಳಿಗೆ ಮಂಗಳ ಹಾಡುತ್ತೇವೆ.